ಅಪ್ಪಯ್ಯ ತಾನೇ ನಿಲ್ಲಿಸಿದ ಲಾಳಿ

ಇದು ೧೯೬೭ನೇ ಇಸವಿಯ ಮಾತು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿದ್ದೆ. ಬ್ರಹ್ಮಾವರದ ಪೇಟೆಯಿಂದ ಎರಡು ಮೂರು ಮೈಲಿ ಒಳಗೆ ನಮ್ಮ ಮನೆ. ಅಪ್ಪಯ್ಯ ನೇಕಾರರು. ನೇಕಾರರ ಸೊಸೈಟಿಯವರು ಕೊಟ್ಟ ಮಗ್ಗ ಜಗಲಿಯ ಪಕ್ಕದ ಚಾವಡಿಯಲ್ಲಿತ್ತು. ಅಮ್ಮ ಮತ್ತು ನಾನು ರಾಟೆಯಲ್ಲಿ ನೂಲು ಸುತ್ತಿಕೊಡುವುದು, ಅಪ್ಪಯ್ಯ ನೇಯುವುದು. ಅವರು ನೇಯುತ್ತಿದ್ದದ್ದು ಚೌಕಳಿ ಸೀರೆ. ಕೆಂಪು ಇಷ್ಟು ಎಳೆ, ಬಿಳಿ ಇಷ್ಟು ಎಳೆ, ಆಮೇಲೆ ಹಸಿರು ಎಂದು ಲೆಕ್ಕ ಇಟ್ಟುಕೊಂಡು, ಬಣ್ಣಕ್ಕೊಂದರಂತೆ ಲಾಳಿ ಬದಲಿಸುತ್ತಾ ನೇಯಬೇಕು. ಒಂದು ಎಳೆ ಹೆಚ್ಚು ಕಡಿಮೆಯಾದರೂ ಚೌಕ ಸೊಟ್ಟಗಾಗುತ್ತದೆ. ಅಪ್ಪಯ್ಯ ಆ ಲೆಕ್ಕವನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ದಾರಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತಿದ್ದರು, ತಮಾಷೆ ಮಾಡುತ್ತಿದ್ದರು. ಅವರ ಕೈ ಅದರ ಪಾಡಿಗೆ ಅದು ಓಡುತ್ತಿತ್ತು.

ಆ ವರ್ಷ ಆಗಸ್ಟ್ ಕಡೆಗೆ ಬರುವ ಸೋಣ ತಿಂಗಳಲ್ಲಿ ಒಂದು ದಿನ, ಮಳೆಯಲ್ಲಿ ತೋಡು ದಾಟುವಾಗ ಸಂಕದ ಮೇಲೆ ಅಪ್ಪಯ್ಯನ ಕಾಲು ಜಾರಿತು. ಅಡಿಕೆ ಮರದ ಎರಡು ಕಾಂಡ ಹಾಕಿದ ಸಂಕ ಅದು, ಪಾಚಿ ಕಟ್ಟಿತ್ತು. ಬಿದ್ದದ್ದು ಮುಖ ಅಡಿಯಾಗಿ. ಕೆಳಗಿದ್ದ ಕಲ್ಲಿಗೆ ಹಣೆ ಬಡಿಯಿತು. ಗದ್ದೆಯಲ್ಲಿದ್ದವರು ಎತ್ತಿ ತಂದರು. ಬಾಡಿಗೆ ಕಾರಿನಲ್ಲಿ ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನ ಎಚ್ಚರವೇ ಇರಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟಾಗ ಅಮ್ಮ ಕುಲದೇವರಿಗೆ ಹರಕೆ ಹೇಳಿಕೊಂಡರು. ಮೂರು ವಾರ ಕಳೆದು ಗಾಯ ಒಣಗಿತು. ಮನೆಗೆ ಕರೆದುಕೊಂಡು ಬಂದೆವು.

ಮನೆಗೆ ಬಂದವರು ನಮ್ಮ ಅಪ್ಪಯ್ಯನೇ ಹೌದೋ ಅಲ್ಲವೋ ಎನ್ನುವ ಹಾಗಿತ್ತು. ಕೈಕಾಲು ಸರಿ ಇದ್ದವು. ನಡೆಸಿದರೆ ನಡೆಯುತ್ತಿದ್ದರು. ಹೆಸರು ಕೇಳಿದರೆ ಹೇಳುತ್ತಿದ್ದರು, ನಮ್ಮೆಲ್ಲರ ಗುರುತು ಇತ್ತು. ಆದರೆ ಕೂರಿಸಿದಲ್ಲಿ ಕೂತಿರುತ್ತಿದ್ದರು. ಬಟ್ಟಲು ಮುಂದಿಟ್ಟರೂ ಉಣ್ಣುತ್ತಿರಲಿಲ್ಲ, ಕೈಯನ್ನು ಅನ್ನಕ್ಕೆ ಮುಟ್ಟಿಸಿದರೆ ಮಾತ್ರ ಉಣ್ಣುತ್ತಿದ್ದರು. ಬಾಚಣಿಗೆ ಕೊಟ್ಟರೆ ತಲೆ ಬಾಚುತ್ತಿದ್ದರು, ನಾನು ಹೋಗಿ ಬಾಚಣಿಗೆ ತೆಗೆದುಕೊಳ್ಳುವ ತನಕ ಬಾಚುತ್ತಲೇ ಇರುತ್ತಿದ್ದರು. ಮಗ್ಗದಲ್ಲಿ ಕೂರಿಸಿದರೆ ಲಾಳಿ ಹಿಡಿದುಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಸಿಟ್ಟಿಲ್ಲ, ಬೇಜಾರಿಲ್ಲ, ನಗುವೂ ಇಲ್ಲ.

ಮೊದಮೊದಲು ಜನ ಅಯ್ಯೋ ಪಾಪ ಎಂದರು. ಎರಡು ತಿಂಗಳಾದ ಮೇಲೆ ಮಾತು ಬೇರೆಯಾಯಿತು. ಕೈಕಾಲು ಗಟ್ಟಿ ಇದೆ, ಉಂಡದ್ದು ಅರಗುತ್ತದೆ, ಕೆಲಸ ಮಾತ್ರ ಆಗುವುದಿಲ್ಲವಂತೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಸೋಮಾರಿತನ ರೂಢಿಯಾಯಿತು ಎಂದರು ಕೆಲವರು. ಸಂಕದ ಹತ್ತಿರ ಏನೋ ಗಾಳಿ ಸೋಂಕಿದೆ ಎಂದರು ಮತ್ತೆ ಕೆಲವರು. ಅಮ್ಮ ಎರಡನ್ನೂ ನಂಬಿದರು, ದಿನಕ್ಕೊಂದರಂತೆ.

ಒಂದು ಮಧ್ಯಾಹ್ನ ನಾನೂ ಅಮ್ಮನೂ ತೋಡಿನಲ್ಲಿ ಬಟ್ಟೆ ಒಗೆದು ಬಂದಾಗ, ಅಂಗಳದ ಬಿದಿರಿಗೆ ಒಣಗಲು ಹಾಕಿದ್ದ ನೂಲಿನ ಲಡಿಗಳನ್ನು ಕರು ಎಳೆದು ಜಗಿಯುತ್ತಿತ್ತು. ಬಣ್ಣ ಹಾಕಿದ ಕೆಂಪು ನೂಲು. ಅಪ್ಪಯ್ಯ ನಾಲ್ಕು ಮಾರು ದೂರದಲ್ಲಿ ಜಗಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಅಮ್ಮನ ತಾಳ್ಮೆ ಅಂದು ಹರಿದುಹೋಯಿತು.

"ಕರು ನೂಲ್ ತಿಂಬುದ್ ನಿಮ್ಗೆ ಕಂಡಿಲ್ಯಾ?" ಎಂದು ಕೇಳಿದರು.

"ಕಂಡಿತ್" ಎಂದರು ಅಪ್ಪಯ್ಯ.

"ಮತ್ತ್ ಎಂತಕೆ ಎದ್ದಿಲ್ಲ?"

"ಏಳ್ಕ್ ಅಂದೇಳಿ ಗೊತ್ತಿತ್ತ್" ಎಂದರು ಅಪ್ಪಯ್ಯ.

ಅದನ್ನು ಕೇಳಿ ಅಮ್ಮನಿಗೆ ಇನ್ನಷ್ಟು ಉರಿಯಿತು. ಗೊತ್ತಿದ್ದೂ ಏಳದವರನ್ನು ಸೋಮಾರಿ ಎನ್ನದೆ ಬೇರೆ ಏನನ್ನಬೇಕು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟರು. ಆ ದಿನದಿಂದ ಅಮ್ಮ ಅವರಿಗೆ ಬಡಿಸುತ್ತಿದ್ದರೇ ಹೊರತು ಮಾತಾಡಿಸುತ್ತಿರಲಿಲ್ಲ. ಆ ಮೌನದಲ್ಲಿ ಮನೆಯೊಳಗೆ ಕಾಲಿಡಲು ನನಗೇ ಭಯವಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಸೊಸೈಟಿಯ ಕಾರ್ಯದರ್ಶಿಗಳು ಮನೆಗೆ ಬಂದರು. ಒಳ್ಳೆಯ ಮನುಷ್ಯ. ಅಪ್ಪಯ್ಯನ ಜೊತೆಗೇ ನೇಕಾರಿಕೆ ಕಲಿತವರು. ಮಗ್ಗ ಇಲ್ಲದೆ ಕಾಯುತ್ತಿರುವವರು ತೆಕ್ಕಟ್ಟೆ ಕಡೆಯಲ್ಲಿ ಒಬ್ಬರಿದ್ದಾರೆ, ನಾಲ್ಕು ತಿಂಗಳು ನೋಡುತ್ತೇವೆ, ಅಷ್ಟರಲ್ಲಿ ಈ ಮಗ್ಗದಿಂದ ಬಟ್ಟೆ ಇಳಿಯದಿದ್ದರೆ ಅವರಿಗೆ ಕೊಡಬೇಕಾಗುತ್ತದೆ ಎಂದರು. ಅಮ್ಮ ಒಳಗೆ ಹೋದ ಮೇಲೆ ನನ್ನ ಹತ್ತಿರ ದನಿ ಇಳಿಸಿ, "ಕಾಣ್ ಗುಲಾಬಿ, ನಂಗೂ ಬೇಜಾರಿತ್ತ್. ಆರೆ ಮಗ್ಗ ಸುಮ್ನೆ ಕೂತ್ರೆ ಉಳ್ದವ್ರಿಗೆ ಎಂತ ಹೇಳುದ್ ನಾನ್?" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಆದರೆ ಮಗ್ಗ ಹೋದರೆ ನಮ್ಮ ಮನೆಯಲ್ಲಿ ಉಳಿಯುವುದು ಕೂತಿರುವ ಅಪ್ಪಯ್ಯ ಮತ್ತು ಮಾತಾಡದ ಅಮ್ಮ ಇಬ್ಬರೇ ಎಂಬುದೂ ನನಗೆ ಗೊತ್ತಿತ್ತು.

ಹೀಗಿರುವಾಗ ಒಂದು ದಿನ, ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಗದ್ದೆಯ ಅಂಚಿನಲ್ಲಿ ಒಬ್ಬರು ಬಂದರು. ಘಟ್ಟದ ಮೇಲಿನ ಕಡೆಯವರು, ವಯಸ್ಸು ಮೂವತ್ತರ ಒಳಗೆ. ಮೆಡಿಕಲ್ ಕಾಲೇಜೊಂದರಲ್ಲಿ ಡಾಕ್ಟರಂತೆ, ಹೆಸರು ಶೇಷಗಿರಿ. ಹಣೆಗೆ ಪೆಟ್ಟಾಗಿ ಬದುಕಿದವರ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ, ಕುಂದಾಪುರದ ಆಸ್ಪತ್ರೆಯಲ್ಲಿ ನಿಮ್ಮ ತಂದೆಯ ವಿಳಾಸ ಸಿಕ್ಕಿತು ಎಂದರು. ನಾವು ಕರೆಯದೆ ಒಬ್ಬ ಡಾಕ್ಟರು ನಮ್ಮ ಅಂಗಳಕ್ಕೆ ಬಂದದ್ದು ಅದೇ ಮೊದಲು. ಅಮ್ಮ ಚಾಪೆ ಹಾಸಿ ಬೆಲ್ಲ ನೀರು ಕೊಟ್ಟರು.

ಡಾಕ್ಟರು ಸೂಜಿ ತೆಗೆಯಲಿಲ್ಲ, ಮಾತ್ರೆ ಕೊಡಲಿಲ್ಲ. ಅಪ್ಪಯ್ಯನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಮಕ್ಕಳ ಆಟದಂಥದ್ದನ್ನು ಮಾಡಿಸತೊಡಗಿದರು. ಅವರ ಮೈಸೂರಿನ ಕಡೆಯ ಕನ್ನಡ ಅಪ್ಪಯ್ಯನಿಗೆ ತಟ್ಟನೆ ಹಿಡಿಯುತ್ತಿರಲಿಲ್ಲ, ನಮ್ಮ ಭಾಷೆಯಲ್ಲಿ ನಾನು ಹೇಳುತ್ತಿದ್ದೆ. ಡಾಕ್ಟರು ನೆಲಕ್ಕೆ ಒಮ್ಮೆ ತಟ್ಟಿದರೆ ಅಪ್ಪಯ್ಯ ಎರಡು ಸಲ ತಟ್ಟಬೇಕು, ಡಾಕ್ಟರು ಎರಡು ಸಲ ತಟ್ಟಿದರೆ ಅಪ್ಪಯ್ಯ ಒಮ್ಮೆ. ಎಂತ ಮಾಡಬೇಕು ಹೇಳಿ ಎಂದು ಕೇಳಿದರೆ ಅಪ್ಪಯ್ಯ ಸರಿಯಾಗಿಯೇ ಹೇಳಿದರು. ತಟ್ಟುವಾಗ ಮಾತ್ರ ಡಾಕ್ಟರು ಒಮ್ಮೆ ತಟ್ಟಿದರೆ ಇವರೂ ಒಮ್ಮೆ, ಅವರು ಎರಡು ಸಲ ತಟ್ಟಿದರೆ ಇವರೂ ಎರಡು ಸಲ. ಬಾಯಿ ಒಂದು ಹೇಳುತ್ತಿತ್ತು, ಕೈ ಇನ್ನೊಂದು ಮಾಡುತ್ತಿತ್ತು. ಆಮೇಲೆ ಮುಷ್ಟಿ, ಕೈಯ ಅಂಚು, ಅಂಗೈ ಎಂದು ಮೂರು ಬಗೆಯಲ್ಲಿ ಕೈಯನ್ನು ನೆಲಕ್ಕೆ ಊರುವ ಪರೀಕ್ಷೆ. ಅಪ್ಪಯ್ಯ ಮುಷ್ಟಿ ಊರಿದವರು ಮುಷ್ಟಿಯನ್ನೇ ಊರುತ್ತಾ ಹೋದರು. ಇದನ್ನು ನೋಡಿ ನನಗೆ ಅಳು ಬಂತು. ಡಾಕ್ಟರು ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುತ್ತಲೇ ಇದ್ದರು.

ಎಲ್ಲ ಮುಗಿದ ಮೇಲೆ ಅವರು ಬಾಗಿಲ ಹಿಂದೆ ನಿಂತಿದ್ದ ಅಮ್ಮನ ಕಡೆ ತಿರುಗಿ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. "ಅಮ್ಮಾ, ಇವರು ಸೋಮಾರಿ ಅಲ್ಲ. ಕೈಯಲ್ಲಿ ಶಕ್ತಿ ಇದೆ, ನೇಯೋದನ್ನೂ ಮರೆತಿಲ್ಲ. ಯಾವಾಗ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಮುಂದೆ ಏನು ಅಂತ ಕೈಗೆ ಹೇಳೋದು ಹಣೆಯ ಹಿಂದೆ ಇರೋ ಮೆದುಳು. ಪೆಟ್ಟು ಬಿದ್ದಿರೋದು ಅಲ್ಲಿಗೆ."

ಅಮ್ಮ ಅಡುಗೆಮನೆಗೆ ಹೋದರು. ಬಹಳ ಹೊತ್ತು ಒಲೆ ಊದುವ ಸದ್ದು ಕೇಳುತ್ತಿತ್ತು. ನಾನು ಹೋಗಿ ನೋಡಿದರೆ ಒಲೆಯಲ್ಲಿ ಬೆಂಕಿಯೇ ಇರಲಿಲ್ಲ, ಅಮ್ಮ ಊದುಗೊಳವೆ ಹಿಡಿದುಕೊಂಡು ಬಿಕ್ಕುತ್ತಿದ್ದರು. ಅಂದು ಸಂಜೆ ಅಪ್ಪಯ್ಯನಿಗೆ ಬಡಿಸುವಾಗ, "ಬಾಯಿಗ್ ಬಂದ್ಹಾಂಗೆ ಹೇಳ್ದೆ, ಮನ್ಸಿಗ್ ತಕಂಬೇಡಿ" ಎಂದರು. ಅಪ್ಪಯ್ಯ ಹ್ಞೂಂ ಎಂದರು. ತಾವೇ ಅವರ ಕೈ ಹಿಡಿದು ಅನ್ನಕ್ಕೆ ಮುಟ್ಟಿಸಿದರು ಅಮ್ಮ.

ಇದಕ್ಕೆ ಔಷಧಿ ಇದೆಯೇ ಎಂದು ನಾನು ಡಾಕ್ಟರನ್ನು ಕೇಳಿದ್ದೆ. ಇಲ್ಲ ಎಂದು ನೇರವಾಗಿ ಹೇಳಿದರು. ಆದರೆ ಒಂದು ದಾರಿ ಮುಚ್ಚಿದರೆ ಮೆದುಳು ಕೆಲವೊಮ್ಮೆ ಬಳಸುದಾರಿ ಹುಡುಕಿಕೊಳ್ಳುತ್ತದೆ, ಅದು ಯಾವುದು ಎಂದು ತಿಳಿಯಲು ದಿನವೂ ಜೊತೆಯಲ್ಲಿ ಇರುವವರು ಬೇಕು ಎಂದರು. ಚೀಲದಿಂದ ಗೆರೆ ಹಾಕಿದ ಒಂದು ನೋಟ್ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಅಪ್ಪಯ್ಯ ಯಾವ ಕೆಲಸವನ್ನು ತಾನಾಗಿ ಶುರು ಮಾಡಿದರು, ಅದಕ್ಕೆ ಮೊದಲು ಏನಾಗಿತ್ತು, ಎಲ್ಲಿ ನಿಂತರು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಎಸ್ಸೆಸ್ಸೆಲ್ಸಿ ಓದಿ ಪಾತ್ರೆ ತೊಳೆಯುತ್ತಿದ್ದ ನನಗೆ ಒಬ್ಬ ಡಾಕ್ಟರು ಕೆಲಸ ಕೊಟ್ಟಿದ್ದರು. ನನಗೆ ಆ ಕ್ಷಣ ಎರಡು ಅಂಗುಲ ಎತ್ತರವಾದ ಹಾಗೆ ಅನಿಸಿತು.

ಮೊದಲ ಹದಿನೈದು ದಿನ ಪುಸ್ತಕದಲ್ಲಿ ಬರೆಯಲು ಏನೂ ಸಿಗಲಿಲ್ಲ. ನೇಯಿರಿ ಎಂದರೆ ಹ್ಞೂಂ ಎನ್ನುತ್ತಿದ್ದರು, ನೇಯುತ್ತಿರಲಿಲ್ಲ. ಕೈ ಹಿಡಿದು ಆಡಿಸಿದರೆ ಮೂರು ಎಳೆ ಹಾಕಿ ನಿಲ್ಲುತ್ತಿದ್ದರು. ಬೇಸತ್ತು ಒಂದು ದಿನ ನಾನೇ ಮಗ್ಗದಲ್ಲಿ ಕೂತೆ. ನಮ್ಮಲ್ಲಿ ಹೆಣ್ಣುಮಕ್ಕಳು ಮಗ್ಗದಲ್ಲಿ ಕೂರುವ ರೂಢಿ ಕಡಿಮೆ, ನನಗೆ ಕೈ ಪಳಗಿರಲಿಲ್ಲ. ಬಲವಾಗಿ ಬಡಿದದ್ದಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಯೊಂದು ಪಟ್ಟನೆ ಕಡಿಯಿತು. ಪಕ್ಕದಲ್ಲಿ ಗೊಂಬೆಯ ಹಾಗೆ ಕೂತಿದ್ದ ಅಪ್ಪಯ್ಯನ ಕೈ ಮುಂದೆ ಬಂತು. ಕಡಿದ ಎರಡು ತುದಿಗಳನ್ನು ಹಿಡಿದು ಹೊಸೆದು ಗಂಟು ಹಾಕಿತು. ನಾನು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಾನು ಉಸಿರು ಬಿಗಿಹಿಡಿದು, ಬೇಕೆಂದೇ ಇನ್ನೊಂದು ಎಳೆ ಕಡಿದೆ. ಅದನ್ನೂ ಗಂಟು ಹಾಕಿದರು. ಅಂದು ಒಟ್ಟು ಏಳು ಎಳೆ ಕಡಿದೆ. ಏಳನ್ನೂ ಕಟ್ಟಿದರು.

ಅಂದೇ ಡಾಕ್ಟರಿಗೆ ಕಾಗದ ಬರೆದೆ. ವಾರದೊಳಗೆ ಉತ್ತರ ಬಂತು. ಒಳಗಿನಿಂದ ಹುಟ್ಟಬೇಕಾದ ಅಪ್ಪಣೆ ಹುಟ್ಟುತ್ತಿಲ್ಲ, ಆದರೆ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಕೈಯನ್ನು ಎಬ್ಬಿಸುತ್ತಿದೆ. ಆ ದಾರಿಯನ್ನೇ ಹಿಡಿಯಿರಿ. ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಿ, ಆಮೇಲೆ ಅವರೇ ಹೇಳುವಂತೆ ಮಾಡಿ ಎಂದು ಬರೆದಿದ್ದರು.

ಮರುದಿನದಿಂದ ನಾನು ಮಗ್ಗದ ಪಕ್ಕ ಕೂತು, "ಮೆಟ್ಟ್, ಎಳಿ, ಬಡಿ" ಎಂದು ಹೇಳತೊಡಗಿದೆ. ಕಾಲಲ್ಲಿ ಹಲಗೆ ಮೆಟ್ಟುವುದು, ಹಗ್ಗ ಎಳೆದು ಲಾಳಿ ಓಡಿಸುವುದು, ಬಾಚಣಿಗೆಯಂಥ ಹಣಿಗೆಯಿಂದ ಬಡಿದು ಎಳೆ ಕೂರಿಸುವುದು, ಇಷ್ಟೇ. ಒಂದು ವಾರ ನಾನೊಬ್ಬಳೇ ಹೇಳಿದೆ. ಆಮೇಲೆ ಇಬ್ಬರೂ ಹೇಳಿದೆವು. ಬಾವಿಕಟ್ಟೆಯವರು ಇದು ಯಾವ ಹೊಸ ಭಜನೆ ಎಂದು ನಕ್ಕರು. ನಗಲಿ ಎಂದು ಬಿಟ್ಟೆ. ಕ್ರಮೇಣ ನಾನು ದನಿ ಇಳಿಸಿದೆ, ಅಪ್ಪಯ್ಯ ಒಬ್ಬರೇ ಹೇಳಿಕೊಂಡು ನೇಯತೊಡಗಿದರು. ಆಗ ಇನ್ನೊಂದು ತೊಂದರೆ ಎದ್ದಿತು. ಶುರು ಮಾಡಿದವರು ನಿಲ್ಲಿಸುತ್ತಿರಲಿಲ್ಲ. ಕೆಂಪು ಹನ್ನೆರಡು ಎಳೆ ಆದ ಮೇಲೆ ಬಿಳಿಗೆ ಬದಲಿಸಬೇಕು, ಇವರು ಕೆಂಪನ್ನೇ ಗೇಣುದ್ದ ನೇಯ್ದು ಕೂರುತ್ತಿದ್ದರು. ಅದನ್ನು ಬಿಚ್ಚಲು ನನಗೆ ಅರ್ಧ ದಿನ. ಕೊನೆಗೆ ಹಾಸಿನ ಅಂಚಿಗೆ, ಬಣ್ಣ ಬದಲಾಗಬೇಕಾದ ಜಾಗಕ್ಕೆಲ್ಲ, ಆಯಾ ಬಣ್ಣದ ನೂಲಿನ ತುಂಡು ಕಟ್ಟಿದೆ. ಬಿಳಿ ತುಂಡು ಕಣ್ಣಿಗೆ ಬಿದ್ದರೆ ಕೈ ಬಿಳಿ ಲಾಳಿಗೆ ಹೋಗುತ್ತಿತ್ತು. ಎರಡು ತಿಂಗಳು ಹೀಗೇ ನಡೆಯಿತು. ತುಂಡುಗಳನ್ನು ಒಂದು ಬಿಟ್ಟು ಒಂದು ತೆಗೆಯುತ್ತಾ ಬಂದೆ. ನೋಟ್ ಪುಸ್ತಕ ತುಂಬಿ ಎರಡನೆಯದು ಶುರುವಾಯಿತು.

ಕಾರ್ಯದರ್ಶಿಗಳು ಹೇಳಿದ ನಾಲ್ಕು ತಿಂಗಳು ಮುಗಿಯುತ್ತಾ ಬಂತು. ಒಂದು ಸೀರೆ ಮುಕ್ಕಾಲು ಇಳಿದಿತ್ತು. ಆದರೆ ಅದನ್ನು ನೇಯ್ದದ್ದು ಗುಲಾಬಿಯೇ, ಅಪ್ಪ ನೆಪಕ್ಕೆ ಕೂತಿದ್ದಾರೆ ಎಂಬ ಮಾತು ಸೊಸೈಟಿಗೂ ಮುಟ್ಟಿತ್ತು. ಅಪ್ಪಯ್ಯ ನೇಯುವುದನ್ನು ತೋರಿಸಲು ಡಾಕ್ಟರು ತಮ್ಮ ಪ್ರೊಫೆಸರನ್ನು ಕರೆದುಕೊಂಡು ಬರುವ ಭಾನುವಾರ ಯಾವುದೆಂದು ಗೊತ್ತಾದ ಕೂಡಲೇ ನಾನು ಧೈರ್ಯ ಮಾಡಿ ಸೊಸೈಟಿಗೆ ಹೋದೆ. ಅದೇ ದಿನ ಬಂದು ಕಣ್ಣಾರೆ ನೋಡಿ, ಆಮೇಲೆ ಮಗ್ಗ ಬಿಚ್ಚುವುದಾದರೆ ಬಿಚ್ಚಿ ಎಂದು ಕಾರ್ಯದರ್ಶಿಗಳಿಗೆ ಹೇಳಿದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಬಂದರು. ಪ್ರೊಫೆಸರು ವಯಸ್ಸಾದವರು, ದಪ್ಪ ಕನ್ನಡಕ, ಮಾತು ಕಡಿಮೆ. ಅಪ್ಪಯ್ಯ ಹತ್ತು ನಿಮಿಷ ನೇಯ್ದದ್ದನ್ನು ನೋಡಿ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಡಾಕ್ಟರ ಮುಖ ಇಳಿಯಿತು. ಇದು ಹಳೆಯ ಅಭ್ಯಾಸದ ಬಲ, ಗಿಳಿಪಾಠದ ಹಾಗೆ. ಹೊಸತೊಂದನ್ನು ಕೊಟ್ಟರೆ ಇವರಿಂದ ಆಗಲಾರದು ಎಂದು ಅವರ ಅಭಿಪ್ರಾಯವಂತೆ. ಪ್ರೊಫೆಸರು ನನ್ನ ಶಾಲೆಯ ಹಳೇ ಸ್ಲೇಟು ತರಿಸಿ, ಡಾಕ್ಟರ ಕೈಯಲ್ಲಿ ಅದರ ಮೇಲೆ ಕನ್ನಡದಲ್ಲಿ ಬರೆಸಿದರು: ಕೆಂಪು ಆರು, ಬಿಳಿ ಎರಡು, ಹಸಿರು ನಾಲ್ಕು, ಬಿಳಿ ಎರಡು, ಮತ್ತೆ ಕೆಂಪು ಆರು. ಅಪ್ಪಯ್ಯ ಯಾವತ್ತೂ ನೇಯದ ಚೌಕಳಿ. ಅಂಚಿಗೆ ಕಟ್ಟಿದ್ದ ನೂಲಿನ ತುಂಡುಗಳನ್ನೆಲ್ಲ ಬಿಚ್ಚಿಸಿದರು. ನಾನು ಬಾಯಿ ಬಿಡಬಾರದು ಎಂದು ಹೇಳಿಸಿದರು. ಡಾಕ್ಟರು ಸ್ಲೇಟನ್ನು ಅಪ್ಪಯ್ಯನಿಗೆ ಓದಿ ಹೇಳಿ, ತೋರಿಸಿ, ಗೋಡೆಗೆ ಒರಗಿಸಿಟ್ಟರು.

ಅಪ್ಪಯ್ಯ ಸ್ಲೇಟು ನೋಡಿದರು. ಕೆಂಪು ಲಾಳಿ ಎದುರಿಗೇ ಇತ್ತು. ಕೈ ಹಗ್ಗದ ಮೇಲಿತ್ತು. ಏಳಲಿಲ್ಲ.

ಎಷ್ಟು ಹೊತ್ತು ಹಾಗೆ ಕಳೆಯಿತೋ ನನಗೆ ತಿಳಿಯದು. ಕಾರ್ಯದರ್ಶಿಗಳು ನೆಲ ನೋಡುತ್ತಿದ್ದರು. ಮೆಟ್ಟ್ ಎನ್ನುವ ಒಂದು ಶಬ್ದ ನನ್ನ ಗಂಟಲಿಗೆ ಬಂದು ನಿಂತಿತ್ತು. ಅಮ್ಮ ನನ್ನ ರಟ್ಟೆಯನ್ನು ಹಿಡಿದುಕೊಂಡ ಬಿಗಿಗೆ ಆಮೇಲೆ ನೋಡಿದರೆ ಐದೂ ಬೆರಳಿನ ಗುರುತು ಮೂಡಿತ್ತು. ಪ್ರೊಫೆಸರು ಕನ್ನಡಕ ತೆಗೆದು ಒರೆಸತೊಡಗಿದರು. ಆಗ ಅಪ್ಪಯ್ಯನ ತುಟಿ ಅಲುಗಿತು. "ಮೆಟ್ಟ್" ಎಂದರು, ತಮಗೆ ತಾವೇ. ಕಾಲು ಹಲಗೆ ಮೆಟ್ಟಿತು. "ಎಳಿ." ಲಾಳಿ ಓಡಿತು. "ಬಡಿ."

ಕೆಂಪು ಆರು ಆಯಿತು. ಕೈ ತಾನಾಗಿ ಬಿಳಿಗೆ ಹೋಯಿತು. ಬಿಳಿ ಎರಡು, ಹಸಿರು ನಾಲ್ಕು, ಬಿಳಿ ಎರಡು. ಇನ್ನು ಕೆಂಪು ತೆಗೆದುಕೊಳ್ಳಬೇಕು. ಅಪ್ಪಯ್ಯ ಹಸಿರು ತೆಗೆದುಕೊಂಡರು. ಮೆಟ್ಟಿದರು, ಎಳೆದರು, ಹಸಿರು ಎಳೆ ಹಾಸಿನ ನಡುವೆ ಹಾದುಹೋಯಿತು. ಬಡಿಯಲು ಕೈ ಎತ್ತಿದವರು ಅಲ್ಲೇ ನಿಂತರು. ಹಾಸನ್ನು ನೋಡಿದರು. ಸ್ಲೇಟನ್ನು ನೋಡಿದರು.

"ತಪ್ಪಿತ್" ಎಂದರು.

ಲಾಳಿಯನ್ನು ಹಿಂದಕ್ಕೆ ಹಾಯಿಸಿ, ಹಸಿರು ಎಳೆಯನ್ನು ಮೆಲ್ಲನೆ ಎಳೆದು ತೆಗೆದು, ಕೆಂಪು ಲಾಳಿ ಇಟ್ಟು ಆರು ಎಳೆ ನೇಯ್ದರು. ಆರಾದ ಮೇಲೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಎಲ್ಲ ಹಾಳಾಯಿತು, ತಪ್ಪು ಮಾಡಿಬಿಟ್ಟರು ಎಂದೇ ನಾನು ತಿಳಿದಿದ್ದೆ. ತಿರುಗಿ ನೋಡಿದಾಗ ಪ್ರೊಫೆಸರು ಎದ್ದು ನಿಂತಿದ್ದರು. ಅಷ್ಟು ಹೊತ್ತು ಇಂಗ್ಲಿಷ್ ಬಿಟ್ಟು ಬೇರೆ ಆಡದ ಅವರು ತಡವರಿಸುವ ಕನ್ನಡದಲ್ಲಿ ನನಗೇ ಹೇಳಿದರು. "ತಪ್ಪಿಲ್ಲದೆ ನೇಯ್ದಿದ್ದರೆ ನಾನು ನಂಬುತ್ತಿರಲಿಲ್ಲ, ಮಗು. ತಪ್ಪನ್ನು ತಾನೇ ಕಂಡು, ತಾನೇ ನಿಲ್ಲಿಸಿದರಲ್ಲ, ಅದು ಗಿಳಿಪಾಠದಲ್ಲಿ ಬರುವುದಿಲ್ಲ." ಆಮೇಲೆ ನನ್ನ ಎರಡೂ ನೋಟ್ ಪುಸ್ತಕ ಕೇಳಿ ಪಡೆದು, ಜಗಲಿಯಲ್ಲಿ ಕೂತು, ಮಧ್ಯಾಹ್ನದ ಊಟದ ತನಕ ಡಾಕ್ಟರ ಕೈಯಲ್ಲಿ ಓದಿಸಿಕೊಂಡರು. ಎಳೆ ಕಡಿದ ದಿನದ ಪುಟವನ್ನು ಎರಡು ಸಲ ಓದಿಸಿದರು.

ಕಾರ್ಯದರ್ಶಿಗಳು ಅಪ್ಪಯ್ಯನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟರು. "ಸಂಜೀವಣ್ಣ, ಮಗ್ಗ ಎಲ್ಲಿಗೂ ಹ್ವಾತಿಲ್ಲೆ. ಸೀರೆ ಮುಗ್ಸಿ ಕೊಡಿ" ಎಂದರು. ಹೋಗುವಾಗ ನನ್ನ ಮುಖ ನೋಡಿ, ತೆಕ್ಕಟ್ಟೆಯವರಿಗೆ ಬೇರೆ ಮಗ್ಗ ಹೇಗಾದರೂ ಮಾಡಿ ಹೊಂದಿಸುತ್ತೇನೆ ಎಂದರು, ಹೊಂದಿಸಿಯೂ ಕೊಟ್ಟರು. ಅಮ್ಮ ಅಂದು ಎಲ್ಲರಿಗೂ ಕೊಟ್ಟೆ ಕಡುಬು ಮಾಡಿ ಬಡಿಸಿದರು. ಬಾವಿಕಟ್ಟೆಯ ಹೆಂಗಸರಿಗೂ ಎಣಿಸಿ ಕಳಿಸಿಕೊಟ್ಟರು, ಬೇಕೆಂದೇ.

ಪರೀಕ್ಷೆಯ ಎಳೆಗಳನ್ನು ಬಿಚ್ಚಿ ಮುಗಿಸಿದ ಆ ಸೀರೆ ಸೊಸೈಟಿಗೆ ಹೋಯಿತು, ಅದರ ಹಿಂದೆ ಇನ್ನೊಂದು ಹೋಯಿತು. ಡಾಕ್ಟರ ಸಂಶೋಧನೆ ಪೂರ್ತಿಯಾದಾಗ ಅದರಲ್ಲಿ ನನ್ನ ಪುಸ್ತಕದ ಸಂಗತಿಗಳನ್ನು ಸೇರಿಸಿದ್ದೇನೆ ಎಂದು ಕಾಗದ ಬರೆದರು. ಅಪ್ಪಯ್ಯ ಮೊದಲಿನ ಹಾಗೆ ಆದರು ಎಂದರೆ ಸುಳ್ಳಾಗುತ್ತದೆ. ದಾರಿಹೋಕರನ್ನು ಕರೆದು ತಮಾಷೆ ಮಾಡುವುದು ಮರಳಿ ಬರಲಿಲ್ಲ. ದಿನವೂ ಮೊದಲ ಎಳೆಗೆ ತುಟಿ ಅಲುಗಬೇಕಿತ್ತು. ನಾನು ಅವರ ಪಕ್ಕದಲ್ಲಿ ಕೂತು ಕೂತು ನೇಯಲು ಕಲಿತೆ, ಮುಂದೆ ನನಗೂ ಒಂದು ಮಗ್ಗ ಸಿಕ್ಕಿತು.

ಮರು ವರ್ಷದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಅಂಗಳ ಸಾರಿಸುತ್ತಿದ್ದೆ. ಅಪ್ಪಯ್ಯ ಒಳಗಿಂದ ಬಂದರು. ಅಂಗಿ ಹಾಕಿಕೊಂಡಿದ್ದರು, ಹೆಗಲಿಗೆ ಚೀಲ ಇತ್ತು. ಯಾರೂ ಹಾಕಿಕೊಡದ ಅಂಗಿ, ಗುಂಡಿ ಒಂದು ಮೇಲೆ ಕೆಳಗಾಗಿತ್ತು.

"ಹೆಣೆ ಗುಲಾಬಿ, ಬಿಳಿ ನೂಲ್ ಮುಗ್ದಿತ್. ಸೊಸೈಟಿಗ್ ಹೋಯಿ ತಕಂಡ್ ಬತ್ತೆ" ಎಂದು ಹೇಳಿ, ನನ್ನ ಉತ್ತರಕ್ಕೂ ಕಾಯದೆ ನಡೆದರು.

ನಾನು ಸೆಗಣಿ ಕೈಯಲ್ಲೇ ಅಮ್ಮನನ್ನು ಕೂಗಿದೆ. ಅಮ್ಮ ಹೊರಗೆ ಓಡಿ ಬಂದರು. ಅಪ್ಪಯ್ಯ ಗದ್ದೆಯ ಅಂಚು ಹಿಡಿದು ಪೇಟೆಯ ಕಡೆ ಹೋಗುತ್ತಿದ್ದರು. ಹಿಂದೆ ಹೋಗಲೇ ಎಂದು ಕೇಳಿದೆ. ಬೇಡ ಎಂದರು ಅಮ್ಮ. ನಾವಿಬ್ಬರೂ ಅಲ್ಲೇ ನಿಂತೆವು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವರು ಹೆಗಲಿನಲ್ಲಿ ಬಿಳಿ ನೂಲಿನ ಲಡಿ ಹೊತ್ತುಕೊಂಡು ಬಂದರು, ಬಂದವರು ಕಾಲು ತೊಳೆದು ನೀರು ಕೇಳಿದರು.

ನನಗೀಗ ಎಪ್ಪತ್ತು ದಾಟಿದೆ. ಬದುಕಿನಲ್ಲಿ ಒಂದೆರಡು ಸನ್ಮಾನ, ಶಾಲು, ಹಾರ ಎಲ್ಲ ಸಿಕ್ಕಿದೆ. ಆದರೆ ಗೆದ್ದೆ ಎಂದು ನನಗೆ ಅನಿಸಿದ್ದು ಆ ಬೆಳಿಗ್ಗೆ ಮಾತ್ರ. ಯಾರೂ ಹೇಳದೆ ಎದ್ದು, ಅಂಗಿ ಹಾಕಿ, ಹೊರಟ ಒಬ್ಬ ಮನುಷ್ಯನ ಬೆನ್ನು ನೋಡುತ್ತಾ ನಿಂತ ಆ ಗಳಿಗೆ ನೆನಪಾದರೆ ಈಗಲೂ ನನ್ನ ಕಣ್ಣು ತುಂಬುತ್ತದೆ, ತುಟಿಯಲ್ಲಿ ನಗು ಬರುತ್ತದೆ.